ಅಂಟಿನ ಹದ

ಪೆನಿಸಿಲಿನ್ ಕುರಿತು ಹಿಂದೆ ಬರೆದಿದ್ದ ಲೇಖನವನ್ನು ಓದಿ ಇಬ್ಬರು ಮೂವರು ಹಳೆಯ ವಿದ್ಯಾರ್ಥಿಗಳು ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ. ಪೆನಿಸಿಲಿನ್ ಅಣು ಬ್ಯಾಕ್ಟೀರಿಯಾದ ಪ್ರೋಟೀನಿಗೆ ಅಂಟಿಕೊಂಡುಬಿಡುತ್ತದೆ ಎಂದು ಬರೆದಿದ್ದೀರಿ. ಹಾಗೆ ಅಂಟುವ ಸ್ವಭಾವದ ವಸ್ತು ದಾರಿಯಲ್ಲಿ ಎದುರಾಗುವ ಸಾವಿರಾರು ಪ್ರೋಟೀನುಗಳನ್ನು ಬಿಟ್ಟು ತನಗೆ ಬೇಕಾದ ಒಂದನ್ನೇ ಹೇಗೆ ಹಿಡಿಯುತ್ತದೆ? ಪ್ರಶ್ನೆ ಚಿಕ್ಕದು. ಅದರ ಉತ್ತರಕ್ಕೆ ಮಾತ್ರ ಸುಮಾರು ತೊಂಬತ್ತು ವರ್ಷಗಳ ಚರಿತ್ರೆಯಿದೆ, ಮತ್ತು ಆ ಚರಿತ್ರೆಯ ಆರಂಭ ಔಷಧದಲ್ಲಿಲ್ಲ, ವಿಷದಲ್ಲಿದೆ.

ಮೊದಲು ಒಂದೆರಡು ಮಾತು ಪಾಠದ ರೂಪದಲ್ಲಿ ಹೇಳಬೇಕಾಗಿದೆ. ನಿವೃತ್ತ ಮೇಷ್ಟರ ಚಪಲ ಎಂದು ಸಹಿಸಿಕೊಳ್ಳಿ. ಹೆಚ್ಚಿನ ಔಷಧಗಳು ಪ್ರೋಟೀನಿನ ಒಂದು ಕುಳಿಯಲ್ಲಿ ಬಂದು ಕೂರುತ್ತವೆ, ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗುತ್ತವೆ. ಬೀಗದೊಳಗೆ ಬೀಗದಕೈ ಹೋಗಿ ಬರುವಂತೆ. ಜರ್ಮನಿಯ ಎಮಿಲ್ ಫಿಷರ್ 1894ರಲ್ಲಿ ಕೊಟ್ಟ ಈ ಹೋಲಿಕೆ ಇಂದಿಗೂ ಪಠ್ಯಪುಸ್ತಕಗಳಲ್ಲಿ ಉಳಿದಿದೆ. ಆದರೆ ಕೆಲವು ಅಣುಗಳು ಹೀಗೆ ಬಂದು ಹೋಗುವ ಅತಿಥಿಗಳಲ್ಲ. ಪ್ರೋಟೀನಿನ ಒಂದು ಪರಮಾಣುವಿನೊಡನೆ ಎಲೆಕ್ಟ್ರಾನುಗಳನ್ನು ಹಂಚಿಕೊಂಡು, ಹತ್ತನೆಯ ತರಗತಿಯಲ್ಲಿ ನಾವು ಓದಿದ ಸಹವೇಲೆನ್ಸೀಯ ಬಂಧವನ್ನೇ ಏರ್ಪಡಿಸಿಕೊಳ್ಳುತ್ತವೆ. ಆ ಬಂಧ ಏರ್ಪಟ್ಟ ಮೇಲೆ ಪ್ರೋಟೀನು ಬೇರೆಯಲ್ಲ, ಅಣು ಬೇರೆಯಲ್ಲ. ಅಂಟುವ ಈ ತುದಿಗೆ ಕ್ರಿಯಾಶೀಲ ಗುಂಪು ಎಂದು ಹೆಸರು.

ಹಲಸಿನ ಹಣ್ಣನ್ನು ಬಿಡಿಸಿದವರಿಗೆ ತೊಡಕು ತಾನಾಗಿ ಅರ್ಥವಾಗುತ್ತದೆ. ಅದರ ಮೇಣ ಕೈಗೂ ಅಂಟುತ್ತದೆ, ಕತ್ತಿಗೂ ಅಂಟುತ್ತದೆ, ಒರೆಸಿದ ಬಟ್ಟೆಗೂ ಅಂಟುತ್ತದೆ. ಅತಿ ಚುರುಕಾದ ಕ್ರಿಯಾಶೀಲ ಗುಂಪು ಅಂಥದ್ದು. ಜೀವಕೋಶದೊಳಗೆ ಬಿಟ್ಟರೆ ಗುರಿಯನ್ನು ಮುಟ್ಟುವ ಮೊದಲೇ ಹತ್ತೆಂಟು ಕಡೆ ಹತ್ತಿಕೊಂಡು ತೀರಿಹೋಗುತ್ತದೆ. ತೀರ ಮಂದವಾಗಿದ್ದರೆ ಗುರಿಯನ್ನು ಮುಟ್ಟಿಯೂ ಹಿಡಿಯುವುದಿಲ್ಲ. ಇವೆರಡರ ನಡುವಣ ಹದವನ್ನು ಕಂಡುಕೊಂಡ ಕಥೆಯೇ ಈ ಲೇಖನದ ವಿಷಯ.

1932ರಲ್ಲಿ ಬರ್ಲಿನ್ನಿನಲ್ಲಿ ವಿಲ್ಲಿ ಲಾಂಗೆ ಮತ್ತು ಅವನ ವಿದ್ಯಾರ್ಥಿನಿ ಗೆರ್ಡಾ ಫಾನ್ ಕ್ರೂಗರ್ ಎಂಬವರು ರಂಜಕ ಮತ್ತು ಫ್ಲೂರಿನ್ ಎರಡೂ ಇರುವ ಕೆಲವು ಹೊಸ ಸಂಯುಕ್ತಗಳನ್ನು ತಯಾರಿಸಿದರು. ಅವುಗಳ ಆವಿಗೆ ಹಿತವಾದ ವಾಸನೆಯಿತ್ತು. ಆದರೆ ಉಸಿರಾಡಿದ ಕೆಲವು ನಿಮಿಷಗಳಲ್ಲಿ ಗಂಟಲು ಬಿಗಿದು, ಕಣ್ಣು ಮಸುಕಾಗುತ್ತಿತ್ತು. ಇದನ್ನು ಅವರು ತಮ್ಮ ಪ್ರಬಂಧದಲ್ಲಿಯೇ ದಾಖಲಿಸಿದರು. ಮುಂದೆ 1936ರ ಕೊನೆಯಲ್ಲಿ ಗೆರ್ಹಾರ್ಡ್ ಶ್ರಾಡರ್ ಕೀಟನಾಶಕವನ್ನು ಅರಸುತ್ತ ಇದೇ ಬಳಗದ ಟಾಬುನ್ ಎಂಬ ವಿಷವನ್ನು ಪಡೆದ. ಸಾರಿನ್ ಅದರ ಬೆನ್ನಿಗೇ ಬಂತು. ಅತ್ತ ಯುದ್ಧಕಾಲದ ಕೇಂಬ್ರಿಡ್ಜಿನಲ್ಲಿ ಬರ್ನಾರ್ಡ್ ಸಾಂಡರ್ಸ್ ಮತ್ತು ಸಂಗಡಿಗರು ಡೈಐಸೊಪ್ರೊಪೈಲ್ ಫ್ಲೂರೊಫಾಸ್ಫೇಟ್ ಎಂಬುದನ್ನು ಅಭ್ಯಾಸ ಮಾಡುತ್ತಿದ್ದರು. ಹೆಸರು ಉದ್ದವಾದುದರಿಂದ ಎಲ್ಲರೂ ಡಿಎಫ್‌ಪಿ ಎನ್ನುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ.

ಯುದ್ಧ ಮುಗಿದ ಮೇಲೆ ಈ ವಿಷ ಕ್ಯಾಲಿಫೋರ್ನಿಯಾದ ಕೃಷಿ ಇಲಾಖೆಯ ಪ್ರಯೋಗಾಲಯವೊಂದನ್ನು ಸೇರಿತು. ಅಲ್ಲಿ ಯೂಜೀನ್ ಜಾನ್ಸೆನ್, ಆರ್ನಲ್ಡ್ ಬಾಲ್ಸ್ ಮೊದಲಾದವರು ಅದನ್ನು ಕೈಮೋಟ್ರಿಪ್ಸಿನ್ ಎಂಬ ಕಿಣ್ವದ ಮೇಲೆ ಪ್ರಯೋಗಿಸಿದರು. ಮೇದೋಜೀರಕದಿಂದ ಬಂದು ಆಹಾರದ ಪ್ರೋಟೀನನ್ನು ಕತ್ತರಿಸುವ ಕಿಣ್ವ ಅದು. 1949ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಸೊಗಸಾದದ್ದು. ಕಿಣ್ವದ ಕೆಲಸ ಪೂರ್ತಿ ನಿಂತುಹೋಗಿತ್ತು, ಮತ್ತು ಒಂದು ಕಿಣ್ವದ ಅಣುವಿಗೆ ಒಂದೇ ಒಂದು ರಂಜಕದ ಪರಮಾಣು ಸೇರಿತ್ತು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಬೇರೆ ಸಂಶೋಧಕರು ಆ ರಂಜಕದ ಜಾಡನ್ನು ಹಿಡಿದು ಹೊರಟಾಗ, ಅದು ಸೆರೀನ್ ಎಂಬ ಅಮೈನೋ ಆಮ್ಲದ ಮೇಲೆ ಕುಳಿತಿರುವುದು ಕಂಡಿತು.

ಇದರಲ್ಲಿ ವಿಶೇಷವೇನೆಂದರೆ, ಆ ಕಿಣ್ವದಲ್ಲಿ ಸೆರೀನುಗಳು ಇಪ್ಪತ್ತೈದಕ್ಕೂ ಹೆಚ್ಚಾಗಿವೆ. ಡಿಎಫ್‌ಪಿ ಹಿಡಿದದ್ದು 195ನೆಯ ಸ್ಥಾನದ ಸೆರೀನೊಂದನ್ನೇ. ರಾಸಾಯನಿಕವಾಗಿ ಅವೆಲ್ಲ ಒಂದೇ. ಆದರೆ 195ನೆಯದರ ನೆರೆಹೊರೆ ಬೇರೆ. ಪಕ್ಕದ ಹಿಸ್ಟಿಡೀನ್ ಅದರ ಜಲಜನಕವನ್ನು ಎಳೆದುಕೊಂಡು ಆಮ್ಲಜನಕವನ್ನು ಚುರುಕುಗೊಳಿಸುತ್ತದೆ. ಡಿಎಫ್‌ಪಿಯ ರಂಜಕ-ಫ್ಲೂರಿನ್ ಬಂಧವೋ ಸಾಮಾನ್ಯ ಸೆರೀನಿಗೆ ಜಗ್ಗುವಂಥದ್ದಲ್ಲ, ಚುರುಕಾದ ಸೆರೀನಿಗೆ ಮಾತ್ರ ಬಿಟ್ಟುಕೊಡುತ್ತದೆ. ಎಂದರೆ ಅಷ್ಟು ಘೋರವಾದ ವಿಷವೂ ಕಂಡಕಂಡದ್ದಕ್ಕೆ ಅಂಟುವ ಜಾತಿಯದಲ್ಲ, ತಕ್ಕಮಟ್ಟಿಗೆ ಸಂಯಮವುಳ್ಳದ್ದು. ಘೋರವಾದುದಕ್ಕೆ ಆ ಸಂಯಮವೇ ಕಾರಣ ಎಂದರೂ ಸಲ್ಲುತ್ತದೆ, ಏಕೆಂದರೆ ದಾರಿಯಲ್ಲಿ ವ್ಯರ್ಥವಾಗದೆ ನರಗಳ ಸಂಧಿಯಲ್ಲಿರುವ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಅದು ನೇರವಾಗಿ ಹೋಗಿ ಹಿಡಿಯುತ್ತದೆ. ಆ ಕಿಣ್ವ ನಿಂತರೆ ಸ್ನಾಯುಗಳಿಗೆ ಹೋದ ಆಜ್ಞೆ ಅಳಿಯುವುದೇ ಇಲ್ಲ. ಬಾಯಲ್ಲಿ ನೊರೆ, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಕೊನೆಗೆ ಉಸಿರಾಟದ ಸೋಲು.

ಹತ್ತಿ ಮತ್ತು ಮೆಣಸಿನಕಾಯಿ ಬೆಳೆಯುವ ನಮ್ಮ ಸೀಮೆಗಳ ಆಸ್ಪತ್ರೆಗಳಿಗೆ ಈ ಲಕ್ಷಣಗಳು ಹೊಸತಲ್ಲ. ಆರ್ಗನೊಫಾಸ್ಫೇಟ್ ಕೀಟನಾಶಕಗಳು ಇದೇ ಮನೆತನದವು. ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ಹೋಗುವುದು ಉಚಿತ. 1955ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಇರ್ವಿನ್ ವಿಲ್ಸನ್ ಮತ್ತು ಸಾರಾ ಗಿನ್ಸ್‌ಬರ್ಗ್ ಅವರು ಕಿಣ್ವಕ್ಕೆ ಅಂಟಿದ ರಂಜಕವನ್ನು ಕಿತ್ತು ತನ್ನ ಮೇಲೆ ಹಾಕಿಕೊಳ್ಳುವ ಒಂದು ಅಣುವನ್ನು ವಿವರಿಸಿದರು. ಪ್ರಾಲಿಡಾಕ್ಸಿಮ್ ಎಂಬ ಆ ಔಷಧವನ್ನು ನಮ್ಮ ಆಸ್ಪತ್ರೆಗಳಲ್ಲಿ ‘ಪ್ಯಾಮ್’ ಎನ್ನುತ್ತಾರೆ. ಆದರೆ ಅದಕ್ಕೊಂದು ಗಡುವುಂಟು. ಅಂಟಿಕೊಂಡ ರಂಜಕದ ತುಣುಕು ಕಾಲಕ್ರಮದಲ್ಲಿ ತನ್ನದೊಂದು ಕೊಂಡಿಯನ್ನು ಕಳಚಿಕೊಂಡು ಇನ್ನಷ್ಟು ಭದ್ರವಾಗಿ ಕೂತುಬಿಡುತ್ತದೆ. ಆಮೇಲೆ ಯಾವ ಔಷಧಕ್ಕೂ ಅದು ಕದಲುವುದಿಲ್ಲ. ಕೀಟನಾಶಕದಲ್ಲಿ ಮೀಥೈಲ್ ಗುಂಪುಗಳಿದ್ದರೆ ಅರ್ಧದಷ್ಟು ಕಿಣ್ವ ಈ ಸ್ಥಿತಿಗೆ ಬರಲು ಸುಮಾರು ನಾಲ್ಕು ಗಂಟೆ ಸಾಕು. ಈಥೈಲ್ ಗುಂಪುಗಳಿದ್ದರೆ ಸುಮಾರು 33 ಗಂಟೆ ಹಿಡಿಯುತ್ತದೆ. ಒಂದು ಇಂಗಾಲ, ಎರಡು ಜಲಜನಕ ಹೆಚ್ಚಾದದ್ದಕ್ಕೆ ಇಷ್ಟು ಅಂತರ! ಹಳ್ಳಿಯಿಂದ ಜಿಲ್ಲಾಸ್ಪತ್ರೆಗೆ ರೋಗಿಯನ್ನು ಕರೆದೊಯ್ಯಲು ಹಿಡಿಯುವ ಹೊತ್ತನ್ನು ಬಲ್ಲವರಿಗೆ ಈ ಎರಡು ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ಯಾಮ್‌ನಿಂದ ನಿಜವಾಗಿ ಆಗುವ ಪ್ರಯೋಜನವೆಷ್ಟು ಎಂಬುದರಲ್ಲಿ ವೈದ್ಯರಿಗೆ ಒಮ್ಮತವಿಲ್ಲ. ಮಹಾರಾಷ್ಟ್ರದ ಬಾರಾಮತಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ ಒಳ್ಳೆಯ ಫಲ ಕಂಡಿತು, ಶ್ರೀಲಂಕಾದಲ್ಲಿ ನಡೆದು 2009ರಲ್ಲಿ ಪ್ರಕಟವಾದದ್ದು ಕಾಣಲಿಲ್ಲ.

ಚರಿತ್ರೆಗೆ ಮರಳೋಣ. ಡಿಎಫ್‌ಪಿ ಚುರುಕಾದ ಸೆರೀನನ್ನು ಹಿಡಿಯುತ್ತದೆ, ಸರಿ. ಆದರೆ ಅಂಥ ಸೆರೀನುಳ್ಳ ಕಿಣ್ವಗಳು ಮೈಯಲ್ಲಿ ನೂರಾರಿವೆ. ಅವುಗಳಲ್ಲಿ ಒಂದನ್ನೇ ಹಿಡಿಯಬೇಕಾದರೆ? ಇದಕ್ಕೆ ದಾರಿ ತೆರೆದುಕೊಂಡದ್ದು 1960ರ ದಶಕದ ಆರಂಭದಲ್ಲಿ. 1962ರಲ್ಲಿ ಲಿಯಾನ್ ವೊಫ್ಸಿ, ಹೆನ್ರಿ ಮೆಟ್ಜ್‌ಗರ್ ಮತ್ತು ಜೊನಾಥನ್ ಸಿಂಗರ್ ಒಂದು ತತ್ತ್ವವನ್ನು ಮುಂದಿಟ್ಟರು. ಪ್ರೋಟೀನು ತಾನಾಗಿ ಗುರುತಿಸಿ ಒಳಗೆ ಬಿಟ್ಟುಕೊಳ್ಳುವ ಅಣುವಿಗೇ ಅಂಟುವ ತುದಿಯನ್ನು ಜೋಡಿಸಬೇಕು. ಆಗ ಆ ತುದಿ ಕುಳಿಯಲ್ಲಿ ಬಹಳ ಹೊತ್ತು ತಂಗುವುದರಿಂದ, ಹೊರಗೆ ಅಲೆಯುವಾಗ ಅಂಟದ್ದು ಒಳಗೆ ಅಂಟುತ್ತದೆ. ಮರುವರ್ಷ ಗುಂಟರ್ ಶೋಲ್‌ಮನ್ ಮತ್ತು ಎಲಿಯಟ್ ಶಾ ಇದರ ಅತ್ಯಂತ ಅಚ್ಚುಕಟ್ಟಾದ ನಿದರ್ಶನವನ್ನು ಒದಗಿಸಿದರು. ಕೈಮೋಟ್ರಿಪ್ಸಿನ್ನಿಗೆ ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲದ ಮೇಲೆ ಮೋಹ. ಅದನ್ನೇ ಹೋಲುವ ಅಣುವೊಂದನ್ನು ತೆಗೆದುಕೊಂಡು, ಕತ್ತರಿಸಬೇಕಾದ ಸ್ಥಳದಲ್ಲಿ ಕ್ಲೋರೊಮೀಥೈಲ್ ಕೀಟೋನ್ ಎಂಬ ತುದಿಯನ್ನಿಟ್ಟರು. ಕಿಣ್ವ ಅದನ್ನು ಆಹಾರವೆಂದು ಬಗೆದು ಒಳಕ್ಕೆ ತೆಗೆದುಕೊಂಡಿತು, ತನ್ನ 57ನೆಯ ಸ್ಥಾನದ ಹಿಸ್ಟಿಡೀನನ್ನು ಅದಕ್ಕೆ ಒಪ್ಪಿಸಿ ಕೂತಿತು. ಗಾಳದ ಹುಳುವನ್ನು ನುಂಗಿದ ಮೀನಿನ ಪಾಡು.

ಟಿಪಿಸಿಕೆ ಎಂದು ಕರೆಯುವ ಈ ಅಣು ಕೈಮೋಟ್ರಿಪ್ಸಿನ್ನಿನ ಅಣ್ಣತಮ್ಮನಂತಿರುವ ಟ್ರಿಪ್ಸಿನ್ನನ್ನು ಮುಟ್ಟುವುದಿಲ್ಲ. ಎರಡರಲ್ಲೂ ಅದೇ ಸೆರೀನ್, ಅದೇ ಹಿಸ್ಟಿಡೀನ್; ಆದರೆ ಟ್ರಿಪ್ಸಿನ್ನಿಗೆ ಬೇಕಾದ ಆಹಾರ ಬೇರೆ. ಲೈಸೀನಿನ ರೂಪದ ಗಾಳವನ್ನು ಹಾಕಿದಾಗ ಟ್ರಿಪ್ಸಿನ್ ಸಿಕ್ಕಿಬಿತ್ತು, ಕೈಮೋಟ್ರಿಪ್ಸಿನ್ ತಪ್ಪಿಸಿಕೊಂಡಿತು. ಜೀವರಸಾಯನಶಾಸ್ತ್ರದ ಪ್ರಯೋಗಾಲಯಗಳಲ್ಲಿ ಇಂದಿಗೂ ಟ್ರಿಪ್ಸಿನ್ ಕೊಳ್ಳುವಾಗ ‘ಟಿಪಿಸಿಕೆ ಉಪಚರಿಸಿದ್ದು’ ಎಂಬ ಬಾಟಲಿಯನ್ನು ಕೇಳಿ ಪಡೆಯುವುದುಂಟು. ಅದರಲ್ಲಿ ಬೆರೆತಿರಬಹುದಾದ ಕೈಮೋಟ್ರಿಪ್ಸಿನ್ನನ್ನು ಮೊದಲೇ ಸುಮ್ಮನಾಗಿಸಿರುತ್ತಾರೆ. ಅರವತ್ತು ವರ್ಷಗಳ ಹಿಂದಿನ ಒಂದು ಪ್ರಯೋಗ ಹೀಗೆ ಬಾಟಲಿಯ ಚೀಟಿಯ ಮೇಲೆ ನಿಂತಿರುವುದು ನನಗೆ ಬಹುಮಾನಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಇಷ್ಟಾದ ಮೇಲೆ ಇಂಥ ಔಷಧಗಳ ಸುಗ್ಗಿಯೇ ಬರಬೇಕಿತ್ತು. ಬರಲಿಲ್ಲ. ಕಾರಣ, ನಮ್ಮ ಮನೆಮನೆಯಲ್ಲೂ ಇರುವ ಪ್ಯಾರಾಸಿಟಮಾಲ್. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಬರ್ನಾರ್ಡ್ ಬ್ರೋಡಿ, ಜೇಮ್ಸ್ ಗಿಲೆಟ್, ಜೆರಿ ಮಿಚೆಲ್ ಮೊದಲಾದವರು 1973ರಲ್ಲಿ ಒಂದು ಕಳವಳದ ಸಂಗತಿಯನ್ನು ಪ್ರಕಟಿಸಿದರು. ಪ್ಯಾರಾಸಿಟಮಾಲ್ ತಾನಾಗಿ ಯಾವುದಕ್ಕೂ ಅಂಟುವುದಿಲ್ಲ. ಆದರೆ ಯಕೃತ್ತು ಅದರ ಸ್ವಲ್ಪ ಭಾಗವನ್ನು ಬಹಳ ಚುರುಕಾದ ಇನ್ನೊಂದು ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಮಿತವಾಗಿ ತೆಗೆದುಕೊಂಡಾಗ ಜೀವಕೋಶದಲ್ಲಿ ಹೇರಳವಾಗಿರುವ ಗ್ಲುಟಾಥಯೋನ್ ಎಂಬ ಗಂಧಕಯುಕ್ತ ಅಣು ಅದನ್ನು ತನ್ನ ಮೇಲೆ ಹಾಕಿಕೊಂಡು ಕಾಪಾಡುತ್ತದೆ. ಅತಿಯಾದಾಗ ಗ್ಲುಟಾಥಯೋನ್ ಬರಿದಾಗಿ, ಉಳಿದದ್ದು ಯಕೃತ್ತಿನ ಪ್ರೋಟೀನುಗಳಿಗೆ ಹಲಸಿನ ಮೇಣದಂತೆ ಮೆತ್ತಿಕೊಳ್ಳುತ್ತದೆ, ಜೀವಕೋಶಗಳು ಸಾಯುತ್ತವೆ. ಅಂದಿನಿಂದ ಔಷಧ ಕಂಪನಿಗಳು ಪ್ರೋಟೀನಿಗೆ ಅಂಟುವ ಅಣುವೆಂದರೆ ಬೆಚ್ಚತೊಡಗಿದವು. ಅಂಥ ಗುಂಪು ಕಂಡರೆ ಅಣುವನ್ನು ಮೊದಲ ಸುತ್ತಿನಲ್ಲಿಯೇ ಕೈಬಿಡುವುದು ವಾಡಿಕೆಯಾಯಿತು.

ಈ ಭಯ ನಿರಾಧಾರವಾದುದೆಂದು ನಾನು ಹೇಳುವುದಿಲ್ಲ. ಆದರೆ ಅದರಲ್ಲೊಂದು ವಿನೋದವಿದೆ. ಪ್ಯಾರಾಸಿಟಮಾಲ್ ಬೆದರಿಸಿದ ಎರಡು ವರ್ಷಕ್ಕೇ, 1975ರಲ್ಲಿ, ಜೆರಾಲ್ಡ್ ರಾತ್ ಮತ್ತು ಫಿಲಿಪ್ ಮೆಜೆರಸ್ ಅವರ ತಂಡ ಆಸ್ಪಿರಿನ್ ಕೆಲಸ ಮಾಡುವ ಬಗೆಯನ್ನು ತೋರಿಸಿಕೊಟ್ಟಿತು. 1899ರಿಂದ ಜಗತ್ತು ನುಂಗುತ್ತ ಬಂದಿದ್ದ ಆ ಮಾತ್ರೆ ತನ್ನ ಅಸಿಟೈಲ್ ಗುಂಪನ್ನು ಪ್ರೋಸ್ಟಗ್ಲಾಂಡಿನ್ ತಯಾರಿಸುವ ಕಿಣ್ವದ ಮೇಲೆ ಶಾಶ್ವತವಾಗಿ ಅಂಟಿಸುತ್ತದೆ! ರಕ್ತದ ಪ್ಲೇಟ್‌ಲೆಟ್ಟುಗಳಿಗೆ ಕೋಶಕೇಂದ್ರವಿಲ್ಲವಾದ್ದರಿಂದ ಹಾಳಾದ ಕಿಣ್ವಕ್ಕೆ ಬದಲಿಯನ್ನು ಅವು ತಯಾರಿಸಿಕೊಳ್ಳಲಾರವು. ತಮ್ಮ ಏಳರಿಂದ ಹತ್ತು ದಿನದ ಆಯುಸ್ಸನ್ನು ಹಾಗೆಯೇ ಕಳೆಯುತ್ತವೆ. ಹೃದಯಾಘಾತವಾದವರಿಗೆ ದಿನಕ್ಕೊಂದು ಚಿಕ್ಕ ಮಾತ್ರೆ ಸಾಕಾಗುವ ಗುಟ್ಟು ಇದು. ನನ್ನ ವಯಸ್ಸಿನ ಓದುಗರಲ್ಲಿ ಅನೇಕರು ಈ ಕ್ಷಣದಲ್ಲಿಯೂ ಆ ಅಂಟನ್ನು ಹೊತ್ತು ತಿರುಗುತ್ತಿದ್ದಾರೆ. ಪೆನಿಸಿಲಿನ್ನಿನ ವಿಚಾರವೂ ಹೀಗೆಯೇ. ಅದರ ನಾಲ್ಕು ಪರಮಾಣುಗಳ ಉಂಗುರ ಬಲವಂತವಾಗಿ ಬಗ್ಗಿಸಿದ ಬಿಲ್ಲಿನಂತಿದೆ. ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕಿಣ್ವ ಅದನ್ನು ತನ್ನ ಕಚ್ಚಾವಸ್ತುವೆಂದು ಬಗೆದು ಹಿಡಿದಾಗ ಉಂಗುರ ಬಿಚ್ಚಿ ಅಂಟುತ್ತದೆ ಎಂಬುದನ್ನು ಡೊನಾಲ್ಡ್ ಟಿಪ್ಪರ್ ಮತ್ತು ಜಾಕ್ ಸ್ಟ್ರೊಮಿಂಜರ್ 1965ರಲ್ಲಿಯೇ ಸೂಚಿಸಿದ್ದರು. ಅಂಟುವ ಔಷಧ ಬೇಡವೆಂದು ಕಂಪನಿಗಳು ಹೇಳುತ್ತಿದ್ದ ಕಾಲದಲ್ಲಿ, ಜಗತ್ತಿನಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿದ್ದ ಔಷಧಗಳಲ್ಲಿ ಎರಡು ಅಂಟುವಂಥವೇ ಆಗಿದ್ದವು.

ಭಯವನ್ನು ಕಳೆಯುವುದಕ್ಕೆ ಎರಡು ಬಗೆಯ ಕೆಲಸ ನಡೆಯಬೇಕಾಯಿತು. ಒಂದು, ಯಾವ ಅಣು ಎಲ್ಲೆಲ್ಲಿ ಅಂಟಿತೆಂಬುದನ್ನು ಕಣ್ಣಾರೆ ನೋಡುವ ಉಪಾಯ. 1999ರಲ್ಲಿ ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ಬೆಂಜಮಿನ್ ಕ್ರಾವಟ್ ಮತ್ತು ಸಂಗಡಿಗರು ಡಿಎಫ್‌ಪಿಯ ಅಂಟುವ ತುದಿಯನ್ನೇ ಉಳಿಸಿಕೊಂಡು, ಅದಕ್ಕೊಂದು ಉದ್ದನೆಯ ಬಾಲವನ್ನೂ, ಬಾಲದ ಕೊನೆಗೆ ಬಯೋಟಿನ್ ಎಂಬ ವಿಟಮಿನ್ನನ್ನೂ ಕಟ್ಟಿದರು. ಬಯೋಟಿನ್ ಇರುವ ಕಡೆಯನ್ನು ಪತ್ತೆ ಮಾಡುವುದು ಸುಲಭ. ಅಂಗಾಂಶವನ್ನು ಅರೆದ ರಸಕ್ಕೆ ಇದನ್ನು ಬೆರೆಸಿದರೆ, ಕೆಲಸದಲ್ಲಿ ತೊಡಗಿರುವ ಸೆರೀನ್ ಕಿಣ್ವಗಳೆಲ್ಲ ಗುರುತುಚೀಟಿ ಹಚ್ಚಿಸಿಕೊಂಡು ಸಾಲಾಗಿ ನಿಲ್ಲುತ್ತವೆ, ನಿದ್ರಿಸುತ್ತಿರುವವು ನಿಲ್ಲುವುದಿಲ್ಲ. ಯುದ್ಧದ ವಿಷ ಹೀಗೆ ಹಾಜರಿ ಪುಸ್ತಕವಾಯಿತು. ಮೊದಲು ಔಷಧವನ್ನು ಕೊಟ್ಟು ಆಮೇಲೆ ಈ ಚೀಟಿಯನ್ನು ಹಚ್ಚಿದರೆ, ಗೈರುಹಾಜರಾದವುಗಳ ಪಟ್ಟಿಯೇ ಔಷಧ ಹಿಡಿದವುಗಳ ಪಟ್ಟಿ. 2010ರಲ್ಲಿ ಇದೇ ತಂಡ ಗಂಧಕವುಳ್ಳ ಸಿಸ್ಟೀನ್ ಎಂಬ ಅಮೈನೋ ಆಮ್ಲದ ವಿಷಯದಲ್ಲಿಯೂ ಇಂಥ ಗಣತಿಯನ್ನು ನಡೆಸಿ, ಯಾವ ಪ್ರೋಟೀನಿನ ಯಾವ ಸಿಸ್ಟೀನ್ ಎಷ್ಟು ಚುರುಕೆಂಬುದನ್ನು ಅಳೆದು ತೋರಿಸಿತು.

ಇನ್ನೊಂದು, ಅಂಟನ್ನೇ ಹದಗೊಳಿಸುವ ಕೆಲಸ. 1998ರಲ್ಲಿ ಡೇವಿಡ್ ಫ್ರೈ ಮತ್ತು ಸಹೋದ್ಯೋಗಿಗಳು ಕ್ಯಾನ್ಸರಿಗೆ ಸಂಬಂಧಿಸಿದ ಇಜಿಎಫ್‌ಆರ್ ಎಂಬ ಪ್ರೋಟೀನಿನ ಕುಳಿಯಂಚಿನಲ್ಲಿ ಒಂದು ಸಿಸ್ಟೀನ್ ಇರುವುದನ್ನು ಬಳಸಿಕೊಂಡರು. ಅವರು ಆರಿಸಿದ ತುದಿ ಅಕ್ರಿಲಮೈಡ್. ಹೆಸರು ಕೇಳಿದಂತಿದೆಯೆ? 2002ರಲ್ಲಿ ಸ್ವೀಡನ್ನಿನವರು ಕರಿದ ಆಲೂಗಡ್ಡೆಯಲ್ಲಿ ಕಂಡು ಗದ್ದಲವೆಬ್ಬಿಸಿದ್ದು ಇದೇ ಹೆಸರಿನ ಪುಟ್ಟ ಅಣುವನ್ನು. ಔಷಧದಲ್ಲಿ ಬಿಡಿ ಅಕ್ರಿಲಮೈಡ್ ಇರುವುದಿಲ್ಲ, ದೊಡ್ಡ ಅಣುವಿನ ಒಂದು ಮೂಲೆಯಾಗಿ ಅದರ ಗುಂಪು ಇರುತ್ತದೆ. ಅದರ ಗುಣವೆಂದರೆ ಸೋಮಾರಿತನ. ಗ್ಲುಟಾಥಯೋನ್ ಸುತ್ತ ಮುತ್ತಿದ್ದರೂ ಸುಲಭವಾಗಿ ಕೂಡುವುದಿಲ್ಲ. ಸಿಸ್ಟೀನಿನ ಪಕ್ಕದಲ್ಲಿ ಹಿಡಿದು ಕೂರಿಸಿದರೆ ಮಾತ್ರ ಕೂಡುತ್ತದೆ. ಅದರ ಇಂಗಾಲದ ಮೇಲೆ ಒಂದು ಮೀಥೈಲ್ ಗುಂಪನ್ನಿಟ್ಟರೆ ಇನ್ನಷ್ಟು ಮಂದವಾಗುತ್ತದೆ. ಎಲೆಕ್ಟ್ರಾನನ್ನು ಸೆಳೆಯುವ ಗುಂಪನ್ನಿಟ್ಟರೆ ಚುರುಕಾಗುತ್ತದೆ. ಬೆಲ್ಲದ ಪಾಕವನ್ನು ಒಂದೆಳೆಗೆ ಇಳಿಸಬೇಕೋ ಗಟ್ಟಿಯುಂಡೆಗೆ ಬರಲು ಬಿಡಬೇಕೋ ಎಂದು ನೋಡುವ ಅಡುಗೆಯವರ ಹಾಗೆ ರಸಾಯನಜ್ಞರು ಈ ಮೂಲೆಯನ್ನು ತಿದ್ದತೊಡಗಿದರು. 2013ರಲ್ಲಿ ಅಫಾಟಿನಿಬ್ ಮತ್ತು ಇಬ್ರುಟಿನಿಬ್ ಎಂಬ ಎರಡು ಕ್ಯಾನ್ಸರ್ ಔಷಧಗಳಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಎರಡೂ ಈ ಬಗೆಯ ತುದಿಯುಳ್ಳವು.

ಗುರುತು ಹಚ್ಚುವವರಿಗೆ ಮತ್ತೊಂದು ಚಿಂತೆಯಿತ್ತು. ಕುಳಿಯಲ್ಲೇ ಅಂಟು ಕೂತರೆ ಪ್ರೋಟೀನು ಕೆಲಸ ಮಾಡುವುದಿಲ್ಲ. ಕೆಲಸ ಮಾಡುತ್ತಿರುವ ಪ್ರೋಟೀನನ್ನು ಹಾಗೆಯೇ ನೋಡುವುದು ಹೇಗೆ? ಜಪಾನಿನ ಕ್ಯೋಟೋದಲ್ಲಿ ಇತಾರು ಹಮಾಚಿ ಅವರ ತಂಡ 2009ರಲ್ಲಿ ಕೊಟ್ಟ ಉತ್ತರ ನನಗೆ ಬಹಳ ಇಷ್ಟವಾದದ್ದು. ಅವರ ಅಣುವಿನಲ್ಲಿ ದಾರಿ ತೋರುವ ಭಾಗವೂ ಗುರುತಿನ ಚೀಟಿಯೂ ಟೋಸಿಲ್ ಎಂಬ ಗುಂಪಿನ ಮೂಲಕ ಸೇರಿರುತ್ತವೆ. ದಾರಿ ತೋರುವ ಭಾಗ ಕುಳಿಯಲ್ಲಿ ಕುಳಿತಾಗ, ಕುಳಿಯ ಹೊರಗಿನ ಅಮೈನೋ ಆಮ್ಲವೊಂದು ಚೀಟಿಯನ್ನು ತೆಗೆದುಕೊಳ್ಳುತ್ತದೆ. ದಾರಿ ತೋರಿದ್ದು ಬೇರ್ಪಟ್ಟು ಹೊರಟುಹೋಗುತ್ತದೆ. ಮದುವಣಗಿತ್ತಿಯನ್ನು ಮನೆ ಸೇರಿಸಿ ಬೀಗರು ಹಿಂದಿರುಗಿದಂತೆ! ಪ್ರೋಟೀನಿನ ಕುಳಿ ಮತ್ತೆ ಖಾಲಿ, ಕೆಲಸ ಯಥಾಪ್ರಕಾರ. ಈ ಕ್ರಿಯೆ ಬಹಳ ನಿಧಾನವಾಗಿತ್ತು; ಆದ್ದರಿಂದ ಅವರು ಮುಂದೆ ಟೋಸಿಲ್ ಇದ್ದಲ್ಲಿ ಹೆಚ್ಚು ಚುರುಕಾದ ಅಸೈಲ್ ಇಮಿಡಜೋಲನ್ನು ಇಟ್ಟು ನೋಡಿದರು.

ಶಾಶ್ವತವಾಗಿ ಅಂಟುವುದೇ ಅಪಾಯವೆನ್ನುವವರಿಗೆ ಸ್ಯಾನ್ ಫ್ರಾನ್ಸಿಸ್ಕೋದ ಜ್ಯಾಕ್ ಟಾಂಟನ್ 2012ರಲ್ಲಿ ಸಮಾಧಾನ ನೀಡಿದರು. ಅಕ್ರಿಲಮೈಡಿಗೆ ಸಯನೋ ಗುಂಪೊಂದನ್ನು ಸೇರಿಸಿದಾಗ ಅದು ಸಿಸ್ಟೀನಿನೊಡನೆ ಬೇಗ ಕೂಡಿತು, ಆದರೆ ಬಿಟ್ಟುಕೊಡಲೂ ಸಿದ್ಧವಾಗಿತ್ತು. ದಾರಿ ತಪ್ಪಿ ಬೇರೆ ಪ್ರೋಟೀನಿಗೆ ಹತ್ತಿದ್ದು ಕಳಚಿಕೊಂಡು ಬರುತ್ತದೆ. ಸರಿಯಾದ ಕುಳಿಯಲ್ಲಿ ಹತ್ತಿದ್ದನ್ನು ಕುಳಿಯೇ ಹಿಡಿದಿಟ್ಟುಕೊಳ್ಳುತ್ತದೆ. 2015ರಲ್ಲಿ ಅವರೂ ಜೊತೆಗಾರರೂ ಆ ತುದಿಯ ಸುತ್ತಣ ಗುಂಪುಗಳನ್ನು ಬದಲಿಸುತ್ತ ಹೋಗಿ, ಅಂಟು ನಿಲ್ಲುವ ಅವಧಿಯನ್ನು ಕೆಲವು ನಿಮಿಷಗಳಿಂದ ಏಳು ದಿನಗಳವರೆಗೆ ಬೇಕಾದಂತೆ ಹೊಂದಿಸಬಹುದೆಂದು ತೋರಿಸಿದರು.

ಕೊನೆಯದಾಗಿ ಕೆ-ರಾಸ್ ಎಂಬ ಪ್ರೋಟೀನಿನ ಸಂಗತಿ. 1980ರ ದಶಕದ ಆರಂಭದಿಂದಲೇ ಕ್ಯಾನ್ಸರಿಗೆ ಕಾರಣವೆಂದು ತಿಳಿದಿದ್ದರೂ ಅದರ ಮೈ ನುಣುಪು, ಔಷಧ ಕೂರಲು ಕುಳಿಯೇ ಇಲ್ಲವೆಂದು ಮೂವತ್ತು ವರ್ಷ ಕೈಚೆಲ್ಲಿದ್ದರು. ಧೂಮಪಾನಿಗಳ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕಾಣುವ ಒಂದು ಉತ್ಪರಿವರ್ತನೆಯಲ್ಲಿ ಅದರ 12ನೆಯ ಸ್ಥಾನದ ಗ್ಲೈಸೀನ್ ಹೋಗಿ ಸಿಸ್ಟೀನ್ ಬಂದಿರುತ್ತದೆ. ಕೆವಾನ್ ಶೋಕಾಟ್ ಅವರ ತಂಡ ಆ ಸಿಸ್ಟೀನನ್ನೇ ಗೂಟ ಮಾಡಿಕೊಂಡಿತು. ಮೊದಲು ಗಂಧಕ-ಗಂಧಕದ ಸಡಿಲ ಬಂಧದಿಂದ ಅನೇಕ ಚಿಕ್ಕ ಅಣುಗಳನ್ನು ಆ ಗೂಟಕ್ಕೆ ಕಟ್ಟಿ ಯಾವುದು ನಿಲ್ಲುತ್ತದೆಂದು ನೋಡಿದರು. ನಿಂತದ್ದಕ್ಕೆ ಆಮೇಲೆ ಅಕ್ರಿಲಮೈಡಿನಂಥ ಭದ್ರ ತುದಿಗಳನ್ನು ಜೋಡಿಸಿದರು. ಹಾಗೆ ನೋಡುವಾಗ, ಯಾರಿಗೂ ಕಾಣದಿದ್ದ ಕುಳಿಯೊಂದು ಆ ಪ್ರೋಟೀನಿನಲ್ಲಿ ತೆರೆದುಕೊಂಡಿತು. ಇದು 2013ರ ಮಾತು. 2021ರ ಮೇ ತಿಂಗಳಲ್ಲಿ ಸೋಟೊರಾಸಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆರೋಗ್ಯವಂತ ಜೀವಕೋಶದ ಕೆ-ರಾಸ್‌ನಲ್ಲಿ ಆ ಜಾಗದಲ್ಲಿ ಸಿಸ್ಟೀನೇ ಇಲ್ಲದ್ದರಿಂದ ಮಾತ್ರೆ ಅಲ್ಲಿ ಅಂಟುವುದಕ್ಕೆ ಆಸ್ಪದವಿಲ್ಲ.

ಕ್ಯಾನ್ಸರೂ ಸುಮ್ಮನಿರುವುದಿಲ್ಲ. ಇಬ್ರುಟಿನಿಬ್ ತೆಗೆದುಕೊಳ್ಳುತ್ತಿದ್ದ ಕೆಲವು ರೋಗಿಗಳಲ್ಲಿ ಔಷಧ ವಿಫಲವಾದ ಕಾರಣವನ್ನು 2014ರಲ್ಲಿ ಪತ್ತೆ ಮಾಡಿದಾಗ, ಔಷಧ ಹಿಡಿಯಬೇಕಿದ್ದ 481ನೆಯ ಸ್ಥಾನದ ಸಿಸ್ಟೀನ್ ಮಾಯವಾಗಿ ಅಲ್ಲಿ ಸೆರೀನ್ ಬಂದು ಕೂತಿತ್ತು. ಒಂದು ಗಂಧಕದ ಬದಲು ಒಂದು ಆಮ್ಲಜನಕ, ಅಷ್ಟೇ ವ್ಯತ್ಯಾಸ. ಡಿಎಫ್‌ಪಿ ಹಿಡಿದಂಥ ಚುರುಕು ಸೆರೀನಲ್ಲ ಅದು, ನೆರೆಹೊರೆಯ ಬಲವಿಲ್ಲದ ಸಾಧಾರಣ ಸೆರೀನ್. ಅಕ್ರಿಲಮೈಡಿನ ಸೋಮಾರಿ ತುದಿ ಅದನ್ನು ಮುಟ್ಟುವುದೂ ಇಲ್ಲ. ಅಂಥ ರೋಗಿಗಳಿಗಾಗಿ ಈಗ ಅಂಟದೆ ಬಂದು ಹೋಗುವ ಬೇರೆ ಔಷಧಗಳನ್ನು ಕೊಡುತ್ತಾರೆ.